ಕೀನ್ಯಾದ ಅಳಿಯನಿಗೆ ಕೊಡಗಿನಲ್ಲಿ ನೆಲೆ: ನನ್ನ ಅನುಭವ

ಭಾರತೀಯಳನ್ನು ಮದುವೆಯಾದ ಮಾತ್ರಕ್ಕೆ ವಿದೇಶಿಯನಿಗೆ ಈ ದೇಶದಲ್ಲಿ ಉಳಿಯುವ ಹಕ್ಕು ತಾನಾಗಿ ದಕ್ಕುವುದಿಲ್ಲ. ನಮ್ಮೂರಿನಲ್ಲಿ ಎಷ್ಟೋ ಜನ ಇದನ್ನು ನಂಬುವುದೇ ಇಲ್ಲ. ‘ತಾಳಿ ಕಟ್ಟಿದ ಮೇಲೆ ಇನ್ನೇನು?’ ಎಂದು ಕೇಳುತ್ತಾರೆ. ತಾಳಿಯನ್ನು ವೀಸಾ ಅಧಿಕಾರಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರಿಗೆ ಬೇಕಾಗಿರುವುದು ನೋಂದಣಿ ಪ್ರಮಾಣಪತ್ರ ಮತ್ತು ಅದರ ಮೇಲಿನ ದಿನಾಂಕ. ನನ್ನ ಗಂಡನ ವಿಷಯದಲ್ಲಿ ಮುಂದಿನದೆಲ್ಲ ಆ ದಿನಾಂಕದಿಂದಲೇ ಎಣಿಕೆಯಾಯಿತು.

ನಮ್ಮದು ಭಾಗಮಂಡಲದ ಕಡೆಯ ಅರೆಭಾಷೆ ಗೌಡ ಕುಟುಂಬ. ಕಾಫಿ, ಕಾಳುಮೆಣಸು, ಸ್ವಲ್ಪ ಗದ್ದೆ ಇದೆ. ನನ್ನ ಗಂಡ ಕೀನ್ಯಾದವರು. ಸ್ನಾತಕೋತ್ತರ ಪದವಿಗೆಂದು ವಿದ್ಯಾರ್ಥಿ ವೀಸಾದಲ್ಲಿ ಮೈಸೂರಿಗೆ ಬಂದಿದ್ದರು. ಅವರ ತಂದೆತಾಯಿಯರದೂ ಕಾಫಿ ಬೆಳೆಯುವ ಊರು. ಹಾಗಾಗಿ ಮೊದಲ ಭೇಟಿಯಲ್ಲೇ ಅಪ್ಪ ಅವರನ್ನು ಕಣಕ್ಕೆ ಕರೆದುಕೊಂಡು ಹೋಗಿ ಅರೇಬಿಕಾ ಒಣಗಿಸುವ ವಿಚಾರ ತೆಗೆದರು. ಮನೆಯವರ ಒಪ್ಪಿಗೆಗೆ ನಾನು ಎಣಿಸಿದಷ್ಟು ಕಷ್ಟವಾಗಲಿಲ್ಲ. ನಿಜವಾದ ಶ್ರಮ ಕಾಗದಪತ್ರದ್ದು.

ಅವರು ಕ್ರೈಸ್ತರು. ಇಬ್ಬರೂ ಹಿಂದೂಗಳಾಗಿದ್ದರೆ ಮಾತ್ರ ಹಿಂದೂ ವಿವಾಹ ಕಾಯ್ದೆ ಅನ್ವಯಿಸುವುದರಿಂದ ನಾವು 1954ರ ವಿಶೇಷ ವಿವಾಹ ಕಾಯ್ದೆಯಡಿ ಹೋಗಬೇಕಾಯಿತು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದಿರಬೇಕು. ನಾನು ಹುಟ್ಟಿ ಬೆಳೆದದ್ದೇ ಇಲ್ಲಿ, ಆ ಚಿಂತೆ ಇರಲಿಲ್ಲ. ಮದುವೆಯಾಗಲಿದ್ದೇವೆ ಎಂದು ಮಡಿಕೇರಿಯ ವಿವಾಹ ನೋಂದಣಿ ಕಚೇರಿಯಲ್ಲಿ ನೋಟಿಸು ಕೊಟ್ಟೆವು. ಆಕ್ಷೇಪಣೆಗೆ 30 ದಿನಗಳ ಅವಕಾಶವಿರುತ್ತದೆ. ಆ ಅವಧಿ ಮುಗಿದ ಬಳಿಕ ಮೂವರು ಸಾಕ್ಷಿಗಳ ಎದುರು ಮದುವೆಯಾಗಬಹುದು. ನೋಟಿಸು ಕೊಟ್ಟು ಮೂರು ತಿಂಗಳೊಳಗೆ ಮದುವೆ ನಡೆಯದಿದ್ದರೆ ಮತ್ತೆ ಹೊಸದಾಗಿ ಆರಂಭಿಸಬೇಕು.

ವಿದ್ಯಾರ್ಥಿಯನ್ನು ಮದುವೆಯಾಗುವವರು ಇಲ್ಲಿ ಬಹಳ ಎಚ್ಚರದಿಂದಿರಬೇಕು. ಓದು ಮುಗಿಯುತ್ತಿದ್ದಂತೆ ವಿದ್ಯಾರ್ಥಿ ವೀಸಾದ ಕಾಲವೂ ಮುಗಿಯುತ್ತಾ ಬರುತ್ತದೆ. ನೋಟಿಸಿನ ತಿಂಗಳು, ಪ್ರಮಾಣಪತ್ರ ಕೈಸೇರುವ ಕಾಲ, ವೀಸಾ ಬದಲಾವಣೆಯ ಅರ್ಜಿ, ಈ ಮೂರೂ ವೀಸಾ ಊರ್ಜಿತವಾಗಿರುವಾಗಲೇ ಆಗಬೇಕು. ನಾವು ಪಾಸ್‌ಪೋರ್ಟ್ ತೆರೆದು, ವೀಸಾ ಮುಗಿಯುವ ದಿನಾಂಕದಿಂದ ಹಿಂದಕ್ಕೆ ಎಣಿಸಿ, ನೋಟಿಸಿನ ದಿನವನ್ನು ಗೊತ್ತುಮಾಡಿದೆವು. ಮನೆಯಲ್ಲಿ ಮುಹೂರ್ತ ನೋಡಿದ್ದು ಅದಾದ ಮೇಲೆ. ಹಿರಿಯರಿಗೆ ಇದು ಸ್ವಲ್ಪ ಕಸಿವಿಸಿ ತಂದಿತು, ಆದರೂ ನಾನು ಪಟ್ಟು ಬಿಡಲಿಲ್ಲ. ಬಿಡಲೂಬಾರದು.

ನೋಟಿಸನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಕಚೇರಿಯಲ್ಲಿ ಅಂಟಿಸುತ್ತಾರೆ. ಬೆಂಗಳೂರಿನಲ್ಲಾದರೆ ಅದನ್ನು ಯಾರು ಓದುತ್ತಾರೆ? ಕೊಡಗು ಪುಟ್ಟ ಜಿಲ್ಲೆ. ಖಾತೆ ಬದಲಾವಣೆಗೆ ಬಂದ ನೆಂಟರೊಬ್ಬರ ಕಣ್ಣಿಗೆ ಬಿದ್ದರೆ ಸಂಜೆಯೊಳಗೆ ನಾಪೋಕ್ಲಿನವರೆಗೂ ಸುದ್ದಿ ಮುಟ್ಟುತ್ತದೆ. ಹಾಗಾಗಿ ಅಪ್ಪ ಮುಂಚೆಯೇ ಹತ್ತಿರದ ಮನೆಗಳಿಗೆಲ್ಲ ತಾವೇ ಹೋಗಿ ವಿಷಯ ತಿಳಿಸಿ ಬಂದರು. ಮಗಳ ಮದುವೆಯ ಸುದ್ದಿ ಸರ್ಕಾರಿ ಗೋಡೆಯಿಂದ ಗೊತ್ತಾಗಬಾರದು ಎಂಬುದು ಅವರ ನಿಲುವು. ನನಗೆ ಅವರ ಬಗ್ಗೆ ಇಂದಿಗೂ ಹೆಮ್ಮೆ ಇದೆ.

ನನ್ನ ಗಂಡನ ಕಡೆಯಿಂದ ಬೇಕಾದದ್ದು ಮುಖ್ಯವಾಗಿ ಅವಿವಾಹಿತ ಎಂಬುದರ ದಾಖಲೆ. ಅದು ನೈರೋಬಿಯ ವಿವಾಹ ನೋಂದಣಾಧಿಕಾರಿಯಿಂದ ಬರಬೇಕಿತ್ತು. ಅವರ ಅಣ್ಣ ಓಡಾಡಿ ತೆಗೆಸಿದರು. ಬಂದ ಕಾಗದಗಳನ್ನೆಲ್ಲ ಮುಂದಿಟ್ಟುಕೊಂಡು ಹೆಸರುಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿದೆವು. ಅವರ ಹೆಸರಿನಲ್ಲಿ ಮೂರು ಭಾಗ, ಕೆಲವು ಕಡೆ ನಡುವಿನದು ಮಾಯ. ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮನೆತನದ ಹೆಸರು ಬರೀ ಒಂದು ಇನಿಷಿಯಲ್, ಆಧಾರ್‌ನಲ್ಲಿ ಪೂರ್ತಿ. ವಿವಾಹ ಪ್ರಮಾಣಪತ್ರದಲ್ಲಿ ಇಬ್ಬರ ಹೆಸರೂ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಬರಲಿ ಎಂದು ಕೇಳಿಕೊಂಡು, ಸಹಿ ಹಾಕುವ ಮುನ್ನ ಕರಡನ್ನು ಓದಿದೆವು. ನೋಂದಣಿ ಮುಗಿದ ಮೇಲೆ ಮನೆಯಂಗಳದಲ್ಲಿ ಚಪ್ಪರ ಹಾಕಿ ನಮ್ಮ ಪದ್ಧತಿಯಂತೆಯೇ ಮದುವೆ ಮಾಡಿದರು. ಆ ಫೋಟೊಗಳೂ ಮುಂದೆ ಕಡತಕ್ಕೆ ಉಪಯೋಗವಾದವು.

ಆಮೇಲಿನದು ವೀಸಾ ಬದಲಾವಣೆ. ಭಾರತೀಯರನ್ನು ಮದುವೆಯಾದ ವಿದ್ಯಾರ್ಥಿ ಊರಿಗೆ ಹಿಂತಿರುಗದೆ, ಇಲ್ಲಿದ್ದುಕೊಂಡೇ ವಿದ್ಯಾರ್ಥಿ ವೀಸಾವನ್ನು ಭಾರತೀಯರ ಸಂಗಾತಿಗೆ ಕೊಡುವ ಎಕ್ಸ್-2 ಪ್ರವೇಶ ವೀಸಾ ಆಗಿ ಬದಲಾಯಿಸಿಕೊಳ್ಳಲು ಅವಕಾಶವಿದೆ. ಅರ್ಜಿ ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ಪೋರ್ಟಲ್‌ನಲ್ಲಿ. ನಾವು ಅರ್ಜಿ ಹಾಕಿದ್ದು ಆಷಾಢದಲ್ಲಿ. ಭಾಗಮಂಡಲದಲ್ಲಿ ಆಷಾಢವೆಂದರೆ ಸಂಗಮದ ನೀರು ರಸ್ತೆಗೆ ಬಂದಿರುತ್ತದೆ, ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ, ಮೊಬೈಲ್ ಗೋಪುರವೂ ಸತ್ತಿರುತ್ತದೆ. ಸ್ಕ್ಯಾನ್ ಮಾಡಿದ್ದನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಂಡು ಕುಶಾಲನಗರದ ಗೆಳತಿಯ ಮನೆಗೆ ಹೋಗಿ ಅಲ್ಲಿಂದ ಏರಿಸಿದೆವು. ಕೊಡಗಿನವರಿಗೆ ನನ್ನ ಸಲಹೆ ಇಷ್ಟೇ: ಸಾಧ್ಯವಾದರೆ ಮಳೆಗಾಲ ತಪ್ಪಿಸಿ.

ವಿಳಾಸದ ಪುರಾವೆಗೆ ಆಗಿನ ಸಿ ಫಾರಂ, ಅಂದರೆ ವಿದೇಶಿಯರು ತಂಗಿರುವುದನ್ನು ತಿಳಿಸುವ ನಮೂನೆ ಕೇಳಿದರು. ಹೋಂಸ್ಟೇ ನಡೆಸುವವರಿಗೆ ಇದು ಚೆನ್ನಾಗಿ ಗೊತ್ತು. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರು ಅದನ್ನು ಸಲ್ಲಿಸಬೇಕು. ಸ್ವಂತ ಮನೆಯ ಅಳಿಯನಿಗೂ ಅದು ಬೇಕಾಗುತ್ತದೆಂದು ಅಪ್ಪ ಊಹಿಸಿರಲಿಲ್ಲ. ಪಕ್ಕದ ಹೋಂಸ್ಟೇಯ ಹುಡುಗ ಬಂದು, ಅಪ್ಪನ ಹೆಸರಿನಲ್ಲಿ ಲಾಗಿನ್ ಮಾಡಿಕೊಟ್ಟು, ಫಾರಂ ತುಂಬಿಸಿ ಹೋದ. ‘ಎಲ್ಲ ಸೆಟ್ ಮಾಡಿಕೊಡುತ್ತೇನೆ’ ಎಂದು ಬಂದ ಒಬ್ಬ ಏಜೆಂಟರು ಕೇಳಿದ ಹಣ ಎಲ್ಲ ಸರ್ಕಾರಿ ಶುಲ್ಕ ಸೇರಿಸಿದರೂ ಮೀರುತ್ತಿತ್ತು. ಅವರನ್ನು ಚಹಾ ಕೊಟ್ಟು ಕಳುಹಿಸಿದೆವು. ಓದುಬರಹ ಬಲ್ಲ ಯಾರೂ ಇದನ್ನು ತಾವೇ ಮಾಡಿಕೊಳ್ಳಬಹುದು.

ವೀಸಾ ಬದಲಿಸುವ ಮೊದಲು ಮದುವೆ ನಿಜವೇ, ದಂಪತಿ ಒಟ್ಟಿಗೆ ಬಾಳುತ್ತಿದ್ದಾರೆಯೇ, ಭಾರತೀಯ ಸಂಗಾತಿಯ ಹಿನ್ನೆಲೆ ಏನು ಎಂಬ ವರದಿ ತರಿಸಿಕೊಳ್ಳುತ್ತಾರೆ. ಒಂದು ಬೆಳಗ್ಗೆ ಇಬ್ಬರು ಪೊಲೀಸರು ಮುನ್ಸೂಚನೆಯಿಲ್ಲದೆ ಬಂದರು. ನನ್ನ ಗಂಡ ಗಂಬೂಟು ಹಾಕಿಕೊಂಡು ಅಪ್ಪನ ಜೊತೆ ಕೊಟ್ಟಿಗೆಯ ಹಿಂದಿನ ಚರಂಡಿ ಬಿಡಿಸುತ್ತಿದ್ದರು. ಪೊಲೀಸರಲ್ಲಿ ಒಬ್ಬರು ನನ್ನನ್ನು ಜಗಲಿಯಲ್ಲಿ ಕೂರಿಸಿ ಎಲ್ಲಿ ಪರಿಚಯ, ಯಾರು ಸಾಕ್ಷಿ ಹಾಕಿದರು, ಖರ್ಚು ಯಾರು ನೋಡಿಕೊಳ್ಳುತ್ತಾರೆ ಎಂದೆಲ್ಲ ಕೇಳಿ ಬರೆದುಕೊಂಡರು. ಇನ್ನೊಬ್ಬರು ಅಡುಗೆಮನೆ ಬಾಗಿಲಲ್ಲಿ ನಿಂತು ಅಜ್ಜಿಯನ್ನು ಮಾತನಾಡಿಸಿದರು. ಅಜ್ಜಿ, ‘ಅವನಿಗೆ ಕಡುಬು ಅಂದರೆ ಪ್ರಾಣ, ಒಂದೇ ಸಲಕ್ಕೆ ಆರು ತಿನ್ನುತ್ತಾನೆ’ ಎಂದರು. ಪಕ್ಕದ ಮನೆಯಲ್ಲೂ ವಿಚಾರಿಸಿದರು. ಇಂಥ ಪರಿಶೀಲನೆಗೆ ಹೆದರಬೇಕಾದದ್ದಿಲ್ಲ. ಇಬ್ಬರೂ ಒಂದೇ ವಿಳಾಸದಲ್ಲಿ ಇರಬೇಕು, ಇದ್ದದ್ದನ್ನು ಇದ್ದಂತೆ ಹೇಳಬೇಕು.

ಎಕ್ಸ್-2 ಬಂದಾಗ ಎಲ್ಲರೂ ನಿಟ್ಟುಸಿರು ಬಿಟ್ಟೆವು. ಆದರೆ ಪ್ರವೇಶ ವೀಸಾದಲ್ಲಿ ಸಂಬಳದ ಕೆಲಸ ಹಿಡಿಯುವಂತಿಲ್ಲ. ಸ್ನಾತಕೋತ್ತರ ಪದವಿ ಕೈಯಲ್ಲಿದ್ದೂ ದುಡಿಯಲಾಗದೆ ಮಾವನ ಮನೆಯಲ್ಲಿ ಕೂರುವುದು ಸ್ವಾಭಿಮಾನಿಗೆ ಸಣ್ಣ ಕಷ್ಟವಲ್ಲ. ಮದುವೆಗೆ ಮುನ್ನವೇ ಇಬ್ಬರೂ ಇದನ್ನು ಬಾಯಿಬಿಟ್ಟು ಮಾತನಾಡಿಕೊಳ್ಳಬೇಕು. ನನ್ನ ಸಂಬಳದಲ್ಲಿ ಸಂಸಾರ ನಡೆಯಿತು, ಅವರು ಆ ಕಾಲದಲ್ಲಿ ಕನ್ನಡ ಕಲಿತರು. ಇನ್ನೊಂದು ಸಂಗತಿ: ಬೈಲಕುಪ್ಪೆಯ ಗೆಳೆಯನ ಮನೆಯಲ್ಲಿ ಉಳಿಯಬೇಕೆಂದು ಅವರು ಆಸೆಪಟ್ಟಾಗ, ಟಿಬೆಟನ್ ನೆಲೆಯಲ್ಲಿ ತಂಗಲು ವಿದೇಶಿಯರಿಗೆ ಪ್ರತ್ಯೇಕ ಪರವಾನಗಿ ಬೇಕೆಂದು ತಿಳಿಯಿತು. ಕುಶಾಲನಗರದ ಹೊಳೆ ದಾಟಿದರೆ ಸಿಗುವ ಊರಿಗೂ ನಿಯಮ ಬೇರೆ.

ನಮ್ಮಲ್ಲಿ ಅಮೆರಿಕದ ಗ್ರೀನ್ ಕಾರ್ಡ್‌ನಂಥದ್ದು ಸಂಗಾತಿಗಳಿಗಿಲ್ಲ. ಕಾಯಂ ನಿವಾಸದ ಯೋಜನೆಯೊಂದು 2016ರಲ್ಲಿ ಬಂದಿತ್ತು; ಅದು 18 ತಿಂಗಳಲ್ಲಿ 10 ಕೋಟಿ ಅಥವಾ ಮೂರು ವರ್ಷದಲ್ಲಿ 25 ಕೋಟಿ ರೂಪಾಯಿ ಹೂಡುವ ವಿದೇಶಿಯರಿಗೆ. ನಮ್ಮಂಥವರಿಗೆ ಇರುವುದು ಒಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡ್, ಅಂದರೆ ವಿದೇಶಿ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಲ್ಲಿ ನೆಲೆಸಲು ಬಿಡುವ ಕಾರ್ಡ್. ಪೌರತ್ವ ಕಾಯ್ದೆಯ 7ಎ ಕಲಮಿನ ಪ್ರಕಾರ ನೋಂದಾಯಿತ ಮದುವೆ ಸತತ ಎರಡು ವರ್ಷ ಉಳಿದಿರಬೇಕು, ಭದ್ರತಾ ತಪಾಸಣೆಯೂ ಆಗಬೇಕು. ಪಾಕಿಸ್ತಾನ, ಬಾಂಗ್ಲಾದೇಶ ಮೂಲದವರಿಗೆ ಈ ದಾರಿ ಇಲ್ಲ. ಶುಲ್ಕ 15,000 ರೂಪಾಯಿ ಕಟ್ಟಿ, ಮೂಲ ದಾಖಲೆಗಳ ಸಮೇತ ಬೆಂಗಳೂರಿಗೆ ಇಬ್ಬರೂ ಹೋದೆವು. ಆಮೇಲೆ ಕಾಯುವುದೊಂದೇ ಕೆಲಸ.

ಒಸಿಐ ಬಂದ ಮೇಲೆ ವೀಸಾ ವಿಸ್ತರಣೆಯ ತಾಪತ್ರಯವಿಲ್ಲ, ಉದ್ಯೋಗ ಮಾಡಬಹುದು. ಮತದಾನವಿಲ್ಲ. ಕೊಡಗಿನವರಿಗೆ ಮುಖ್ಯವಾದ ಮಾತು ಜಮೀನಿನದು. ಒಸಿಐ ಹೊಂದಿದವರು ಮನೆ, ನಿವೇಶನ ಕೊಳ್ಳಬಹುದು. ಕೃಷಿ ಭೂಮಿ, ಫಾರ್ಮ್ ಹೌಸ್, ತೋಟ ಕೊಳ್ಳುವಂತಿಲ್ಲ. ಅಮ್ಮ ಅರ್ಧ ಎಕರೆ ತೋಟವನ್ನು ಅಳಿಯನಿಗೆ ದಾನಪತ್ರ ಮಾಡಿಕೊಡುವ ಮನಸ್ಸು ಮಾಡಿದ್ದರು, ಅದಕ್ಕೂ ಅವಕಾಶವಿಲ್ಲ. ಇಲ್ಲಿಯ ನಿವಾಸಿಗಳಿಂದ ಉತ್ತರಾಧಿಕಾರವಾಗಿ ಬರುವುದಕ್ಕೆ ಅಡ್ಡಿಯಿಲ್ಲ. ಜಮ್ಮಾ ಬಾಣೆ (ಕೊಡಗಿನ ವಂಶಪಾರಂಪರ್ಯ ಹಿಡುವಳಿಯ ಜಮೀನು), ಕುಟುಂಬದ ಜಂಟಿ ಪಟ್ಟೆ ಇರುವವರು ಮೊದಲು ವಕೀಲರಿಗೆ ಪಹಣಿ ತೋರಿಸಿ ಮಾತನಾಡುವುದು ಕ್ಷೇಮ. ನಮ್ಮ ತೋಟ ಈಗ ನನ್ನ ಹೆಸರಿನಲ್ಲೇ ಇದೆ.

ನ್ಯಾಯಾಲಯದಲ್ಲಿ ಮದುವೆ ರದ್ದಾದರೆ ಕಾರ್ಡನ್ನೂ ರದ್ದು ಮಾಡಬಹುದು. ಹೊಸ ಪಾಸ್‌ಪೋರ್ಟ್ ಬಂದಾಗಲೆಲ್ಲ ಮೂರು ತಿಂಗಳೊಳಗೆ ಅದರ ಪ್ರತಿಯನ್ನು, ಹೊಸ ಫೋಟೊವನ್ನು, ಮದುವೆ ಊರ್ಜಿತವಾಗಿದೆ ಎಂಬ ಘೋಷಣೆಯನ್ನು ಪೋರ್ಟಲ್‌ಗೆ ಏರಿಸಬೇಕು. ನಾವು ಎಕ್ಸ್-2 ಮಾಡಿಸಿದ್ದು ಹಳೆಯ ವಿದೇಶಿಯರ ಕಾಯ್ದೆಯ ಕಾಲದಲ್ಲಿ. 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ. ಈಗ ಅರ್ಜಿ ಹಾಕುವವರು ಇಂದಿನ ನಮೂನೆಗಳನ್ನೇ ನೋಡಿಕೊಳ್ಳಿ.

ಪೂರ್ಣ ಪೌರತ್ವಕ್ಕೂ ದಾರಿ ಇದೆ. ಭಾರತೀಯರನ್ನು ಮದುವೆಯಾಗಿ ಏಳು ವರ್ಷ ಇಲ್ಲಿ ವಾಸವಿದ್ದವರು ನೋಂದಣಿಗೆ ಅರ್ಜಿ ಹಾಕಬಹುದು. ಕೀನ್ಯಾ 2010ರ ಸಂವಿಧಾನದಿಂದೀಚೆಗೆ ಎರಡು ಪೌರತ್ವಕ್ಕೆ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ಹುಟ್ಟಿದ ನಾಡಿನ ಪಾಸ್‌ಪೋರ್ಟ್ ಬಿಡಬೇಕೋ ಬೇಡವೋ ಎಂಬುದನ್ನು ಅವರ ತೀರ್ಮಾನಕ್ಕೇ ಬಿಟ್ಟಿದ್ದೇನೆ. ಅವರ ತಾಯಿಗೆ ವಯಸ್ಸಾಗಿದೆ. ಸದ್ಯಕ್ಕೆ ಒಸಿಐ ಸಾಕು ಎಂದಿದ್ದಾರೆ.