ಪೂರ್ತಿ ಒಂದು ನಿಮಿಷ

ಮಂಗಳೂರಿನಲ್ಲಿ ಹದಿನಾಲ್ಕು ವರ್ಷ ನರ್ಸ್ ಆಗಿ ಮಲೇರಿಯಾ ಕಂಡವಳು ನಾನು. ಕಟ್ಟಡ ಕಾಮಗಾರಿಯ ನಿಂತ ನೀರು, ತಾರಸಿಯ ಮುಚ್ಚಳವಿಲ್ಲದ ಟ್ಯಾಂಕಿ, ನಡುಗುತ್ತ ಬರುವ ಕಾರ್ಮಿಕರು, ಎಲ್ಲವೂ ಪರಿಚಿತ. ಆ ಧೈರ್ಯದಿಂದಲೇ ಉಗಾಂಡಾದ ಮಸಾಕಾ ಕಡೆಯ ಹಳ್ಳಿಯೊಂದಕ್ಕೆ ಮೂರು ತಿಂಗಳ ಸ್ವಯಂಸೇವೆಗೆ ಹೊರಟೆ.

ಹೊರಡಲಿರುವವರು ಈಗ ನನ್ನಲ್ಲಿ ಮೊದಲು ವಿಚಾರಿಸುವುದು ವಿಮಾನದ ದರವನ್ನು. ನಾನು ಹೇಳುವುದು ಕಾಗದಪತ್ರಗಳ ವಿಷಯ. ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಬೇಕು. ಆ ಪ್ರಮಾಣಪತ್ರವನ್ನು ಮರಳಿ ಭಾರತಕ್ಕೆ ಕಾಲಿಡುವಾಗಲೂ ಕೇಳುತ್ತಾರೆ. ರೋಗಿಗಳನ್ನು ಮುಟ್ಟಬೇಕಾದರೆ ಅಲ್ಲಿನ ನರ್ಸಿಂಗ್ ಕೌನ್ಸಿಲ್‌ನ ಅನುಮತಿಯೂ ಬೇಕು. ಸೇವೆಗೆ ಬಂದವರಿಗೆ ಕಾನೂನು ಯಾಕೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಯಾರೋ ವಿದೇಶದಿಂದ ಬಂದು ನೋಂದಣಿಯಿಲ್ಲದೆ ನಮ್ಮ ಮಕ್ಕಳಿಗೆ ಸೂಜಿ ಚುಚ್ಚಿದರೆ ನಾವು ಸುಮ್ಮನಿರುತ್ತೇವೆಯೇ?

ಊರು ಅಪರಿಚಿತ ಅನ್ನಿಸಲಿಲ್ಲ. ಕೆಂಪು ಮಣ್ಣಿನ ದಾರಿ, ಮನೆಯ ಸುತ್ತ ಬಾಳೆ, ಬಾಳೆಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ಮಟೋಕೆ ಎಂಬ ಬಾಳೆಕಾಯಿ. "ಅಲ್ಲಿ ಹಲಸು ಉಂಟೇ ಮಗಳೇ?" ಎಂದು ಅಮ್ಮ ಫೋನಿನಲ್ಲಿ ಕೇಳಿದರು. ಉಂಟು, ಅಲ್ಲಿ ಅದರ ಹೆಸರು ಫೆನೆ.

ಅಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಂತೆ ಹಳ್ಳಿಯವರೇ ಆರಿಸಿದ ಆರೋಗ್ಯ ಸ್ವಯಂಸೇವಕರಿದ್ದಾರೆ. ಐದು ವರ್ಷದೊಳಗಿನ ಮಕ್ಕಳ ಮಲೇರಿಯಾ, ನ್ಯುಮೋನಿಯಾ ಮತ್ತು ಭೇದಿಗೆ ಮನೆ ಬಾಗಿಲಲ್ಲೇ ಔಷಧಿ ಕೊಡುವ ತರಬೇತಿ ಅವರಿಗಿದೆ. ನನ್ನನ್ನು ಅಂಥ ಒಬ್ಬ ಹಿರಿಯ ಹೆಂಗಸಿನ ಜೊತೆಗೆ ಹಾಕಿದರು.

ಮೊದಲ ವಾರ ಹತ್ತು ತಿಂಗಳ ಮಗುವೊಂದು ಬಂತು. ಜ್ವರ, ಕೆಮ್ಮು. ಬೆರಳು ಚುಚ್ಚಿ ಮಾಡಿದ ಮಲೇರಿಯಾ ಪರೀಕ್ಷೆ ನೆಗೆಟಿವ್. ನಾನು ಉಸಿರನ್ನು ಅರ್ಧ ನಿಮಿಷ ಎಣಿಸಿದೆ: 23. ದುಪ್ಪಟ್ಟು ಮಾಡಿದರೆ 46. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೆಮ್ಮುವ ಮಗುವಿನ ಉಸಿರು ನಿಮಿಷಕ್ಕೆ 50 ಮುಟ್ಟಿದರೆ ನ್ಯುಮೋನಿಯಾ ಎಂದು ಪರಿಗಣಿಸುತ್ತಾರೆ. ಪ್ಯಾರಸಿಟಮಾಲ್ ಸಾಕು ಎಂದುಕೊಂಡೆ. ಆಕೆ ಏನೂ ಹೇಳದೆ ಚೀಲದಿಂದ ಟೈಮರ್ ತೆಗೆದರು. ಮಗು ಮಲಗುವವರೆಗೂ ಕಾದು, ಅಂಗಿ ಮೇಲೆತ್ತಿ, ಹೊಟ್ಟೆಯ ಮೇಲೆ ಕಣ್ಣು ನೆಟ್ಟು ಪೂರ್ತಿ ಒಂದು ನಿಮಿಷ ಎಣಿಸಿದರು. 54. ಎಳೆಯ ಮಕ್ಕಳ ಉಸಿರು ಒಂದೇ ಲಯದಲ್ಲಿ ನಡೆಯುವುದಿಲ್ಲ, ನಡುವೆ ತಡೆದು ಮತ್ತೆ ವೇಗ ಹಿಡಿಯುತ್ತದೆ. ಇದು ನನಗೆ ಗೊತ್ತಿತ್ತು, ಆದರೂ ಅವಸರದ ಅಭ್ಯಾಸ ಕೈಗೆ ಅಂಟಿಕೊಂಡಿತ್ತು. ಆ ಮಗುವಿಗೆ ನ್ಯುಮೋನಿಯಾಕ್ಕೆ ಕೊಡುವ ಆ್ಯಂಟಿಬಯೋಟಿಕ್ ಅಮಾಕ್ಸಿಸಿಲಿನ್ ಕೊಟ್ಟೆವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಲೇರಿಯಾವೂ ಬೇರೆಯದೇ. ಮಂಗಳೂರಿನಲ್ಲಿ ಹೆಚ್ಚಾಗಿ ವೈವಾಕ್ಸ್ ಎಂಬ ರೋಗಾಣು. ಯಕೃತ್ತಿನಲ್ಲಿ ಅಡಗಿ ಮರುಕಳಿಸುತ್ತದೆಂದು 14 ದಿನ ಪ್ರಿಮಾಕ್ವಿನ್ ಮಾತ್ರೆ ನುಂಗಿಸುತ್ತೇವೆ. ಅಲ್ಲಿ ಬಹುಪಾಲು ಫಾಲ್ಸಿಪಾರಮ್ ಎಂಬ ಇನ್ನೊಂದು ರೋಗಾಣು. 24 ಗಂಟೆಯೊಳಗೆ ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಎರವಾಗಬಹುದು. ಅದಕ್ಕೆ ಕೊಡುವ ಮಾತ್ರೆ ಮೂರು ದಿನ, ಒಟ್ಟು ಆರು ಸಲ. ಎರಡನೆಯದು ಮೊದಲನೆಯದರ ಎಂಟು ಗಂಟೆಯ ನಂತರ. ಗಡಿಯಾರವಿಲ್ಲದ ಮನೆಯಲ್ಲಿ ಆಕೆ ಕೈಯೆತ್ತಿ ಸೂರ್ಯ ಎಲ್ಲಿಗೆ ಬಂದಾಗ ಕೊಡಬೇಕೆಂದು ತೋರಿಸುತ್ತಿದ್ದರು. ಜಿಡ್ಡಿನ ಜೊತೆ ಔಷಧಿ ಚೆನ್ನಾಗಿ ಮೈಗೆ ಹತ್ತುತ್ತದೆ ಎಂದು ಹಾಲನ್ನೋ ನೆಲಗಡಲೆಯ ಗೊಜ್ಜನ್ನೋ ಕೊಡಿಸುತ್ತಿದ್ದರು. ಔಷಧಿ ಮುಗಿದ ಮೇಲೂ ಕೆಲವು ವಾರ ಬೆರಳು ಚುಚ್ಚುವ ಆ ಪರೀಕ್ಷೆ ಪಾಸಿಟಿವ್ ತೋರಿಸಬಹುದು. ಹಾಗಾಗಿ ಮೊದಲು ಹಳೆಯ ದಾಖಲೆ ನೋಡುತ್ತಿದ್ದರು.

ನನ್ನ ಪಾಲಿಗೆ ಉಳಿದ ಕೆಲಸ ದಾಖಲೆ ಪುಸ್ತಕ ಬರೆಯುವುದು, ಔಷಧಿಯ ಅವಧಿ ನೋಡುವುದು, ಬೋಡಾ ಬೋಡಾ ಎಂಬ ಬಾಡಿಗೆ ಬೈಕಿನಲ್ಲಿ ಆರೋಗ್ಯ ಕೇಂದ್ರಕ್ಕೆ ಹೋಗಿ ಪರೀಕ್ಷಾ ಕಿಟ್ ತರುವುದು. ಕಿಟ್ ಇಲ್ಲದ ದಿನ ಆಕೆಯ ಇಷ್ಟು ಕೌಶಲವೂ ಕೈಕಟ್ಟಿ ಕೂರುತ್ತಿತ್ತು. ಅದಕ್ಕೇ ಆ ಓಡಾಟವನ್ನು ಬಹಳ ಶ್ರದ್ಧೆಯಿಂದ ಮಾಡಿದೆ.

ಈಗ ಇನ್ನಿಬ್ಬರು ಹುಡುಗಿಯರು ಹೊರಡುವ ಸಿದ್ಧತೆಯಲ್ಲಿದ್ದಾರೆ. ಲುಗಾಂಡಾ ಭಾಷೆಯ ಕೆಲವು ಪದಗಳನ್ನು ಬರೆದುಕೊಟ್ಟಿದ್ದೇನೆ. ಮೊದಲನೆಯದು ಓಮುಸುಜ್ಜಾ, ಜ್ವರ. ಭಾನುವಾರಗಳಂದು ಮನೆಗೆ ಬರುತ್ತಾರೆ. ತಂಗಿಯ ಮಗು ಮಲಗಿದ ಮೇಲೆ ಮೂವರೂ ತೊಟ್ಟಿಲ ಪಕ್ಕ ಕುಳಿತು ಉಸಿರು ಎಣಿಸುತ್ತೇವೆ, ಪೂರ್ತಿ ಒಂದು ನಿಮಿಷ.