ಬಕೆಟ್‌ಗೆ ಒದ್ದರೆ ಸಾಯುವುದೇಕೆ?

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ನುಡಿಗಟ್ಟು ಕಲಿಸುವಾಗ ಒಂದು ಪೀರಿಯಡ್‌ಗೆ ನಾಲ್ಕಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಸನ್ನಿವೇಶ ಹೇಳಿ, ಅಲ್ಲಿ ನಾವು ಏನನ್ನುತ್ತೇವೆ ಎಂದು ಮೊದಲು ಮಕ್ಕಳ ಬಾಯಿಂದಲೇ ಹೊರಡಿಸುತ್ತೇನೆ. ‘ಪೀಸ್ ಆಫ್ ಕೇಕ್’ಗೆ ಸುಲಿದ ಬಾಳೆಹಣ್ಣು ಸಿಕ್ಕಿದರೆ ಮತ್ತೆ ವಿವರಣೆ ಬೇಡ. ‘ಬೀಟ್ ಅರೌಂಡ್ ದ ಬುಷ್’ ಎಂದರೆ ಸುತ್ತಿ ಬಳಸಿ ಮಾತಾಡುವುದು. ಬೇಟೆಯಲ್ಲಿ ಪೊದೆಗೆ ಬಡಿದು ಹಕ್ಕಿ ಎಬ್ಬಿಸುವವರಿಂದ ಬಂದದ್ದು. ಇವರು ಬಡಿಯುತ್ತಲೇ ಇರುತ್ತಾರೆ, ಹಿಡಿಯುವವರು ಬೇರೆ.

ಎಡವುವುದು ‘ಕಿಕ್ ದ ಬಕೆಟ್’ನಂಥದ್ದರಲ್ಲಿ. ಗೈಡಿನಲ್ಲಿ ‘ಸಾಯು’ ಎಂದಷ್ಟೇ ಇದ್ದರೆ, ಅಜ್ಜ ತೀರಿಕೊಂಡರೆಂದು ಬರೆಯುವ ರಜಾ ಅರ್ಜಿಯಲ್ಲೂ ಬಕೆಟ್ ಉರುಳುತ್ತದೆ. ಅದು ನಮ್ಮ ‘ಗೊಟಕ್ ಅಂದ’ ಇದ್ದ ಹಾಗೆ, ಸಲಿಗೆಯ ಗೇಲಿ. ಅರ್ಜಿಗೆ ‘ಪಾಸ್ಡ್ ಅವೇ’ಯೇ ಸರಿ. ವ್ಯಾಕರಣದಲ್ಲೂ ಇದು ಹಟಮಾರಿ: ಕಾಲ ಬದಲಿಸಿ ‘ಕಿಕ್ಡ್’ ಎನ್ನಬಹುದು. ‘ದ’ ಬದಲು ‘ಎ’ ಹಾಕಿದರೆ, ಬಹುವಚನ ಮಾಡಿದರೆ, ಕರ್ಮಣಿಗೆ ತಿರುಗಿಸಿದರೆ ಸಾವು ಹೋಗಿ ಬರೀ ಬಕೆಟ್ ಉಳಿಯುತ್ತದೆ.

1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಪ್ರಕಟಿಸಿದ ಬೀದಿಮಾತಿನ ನಿಘಂಟಿನಲ್ಲೇ ಇದು ಇದೆ. ನೇಣು ಹಾಕಿಕೊಳ್ಳುವವನು ಬಕೆಟ್ ಒದೆಯುವ ಕಥೆ ಜನಪ್ರಿಯ, ಆಧಾರವಿಲ್ಲ. ಕೊಯ್ದ ಹಂದಿಯನ್ನು ಕಾಲು ಮೇಲಾಗಿ ತೂಗುಹಾಕುವ ಅಡ್ಡಮರಕ್ಕೂ ಇಂಗ್ಲೆಂಡಿನ ಕೆಲವೆಡೆ ಬಕೆಟ್ ಎಂದೇ ಹೆಸರಿತ್ತು; ಜೀವ ಹೋಗುವಾಗ ಹಂದಿಯ ಕಾಲು ಒದೆಯುವುದು ಆ ಮರಕ್ಕೆ. ನನಗೆ ಒಪ್ಪಿಗೆಯಾಗುವುದು ಇದು.

ಹುಟ್ಟುಕಥೆಗಳನ್ನು ಹೀಗೆ ಜಾಲಿಸದೆ ಬೋರ್ಡಿನ ಮೇಲೆ ಬರೆಯಬಾರದು. ಜೋರು ಮಳೆಗೆ ಹೇಳುವ ‘ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’ಗೆ ಒಂದು ಕಥೆ ಓಡಾಡುತ್ತಿದೆ: ಹುಲ್ಲಿನ ಮಾಡಿನಲ್ಲಿ ಮಲಗಿದ ನಾಯಿಬೆಕ್ಕುಗಳು ಮಳೆಗೆ ಜಾರಿ ಬೀಳುತ್ತಿದ್ದವಂತೆ. ಮುಳಿಹುಲ್ಲಿನ ಮಾಡು ಕಂಡವರಿಗೆ ಇದರ ಪೊಳ್ಳು ತಿಳಿಯುತ್ತದೆ. ಒತ್ತಾಗಿ ಹೊದೆಸಿದ ಹುಲ್ಲಿನೊಳಗೆ ನಾಯಿ ನುಗ್ಗದು. ಜಾರಬೇಕಾದರೆ ಜಡಿಮಳೆಯಲ್ಲಿ ಮಾಡಿನ ಹೊರಗೆ ಮಲಗಿರಬೇಕು. ಆಟಿ ತಿಂಗಳ (ಆಷಾಢದ) ಮಳೆಗೆ ಬೆಕ್ಕು ಹೋಗುವುದು ಬಚ್ಚಲೊಲೆಯ ಬೂದಿಗೆ! 1738ರಲ್ಲಿ ಅಚ್ಚಾದ ಜೊನಾಥನ್ ಸ್ವಿಫ್ಟ್‌ನ ಹಾಸ್ಯ ಸಂಭಾಷಣೆಯಲ್ಲಿ ಈ ಮಾತು ಇದೆ. ಇದಕ್ಕೆ ನಮ್ಮ ಕುಂಭದ್ರೋಣ ಮಳೆಯನ್ನು ಜೋಡಿಸಿದರೆ ಮಕ್ಕಳು ಮರೆಯುವುದಿಲ್ಲ. ಆದರೂ ಆಡುವಾಗ ‘ಇಟ್ಸ್ ಪೋರಿಂಗ್’ ಅನ್ನಿ ಎನ್ನುತ್ತೇನೆ. ನಾಯಿಬೆಕ್ಕಿನ ಮಳೆ ಈಗ ಹೆಚ್ಚಾಗಿ ಸುರಿಯುವುದು ಪಾಠಪುಸ್ತಕದಲ್ಲಿ.