ಆರು ತಿಂಗಳ ಕೂಸಿಗೆ ರಾಗಿ ಸರಿ: ನೀರಾಗದಂತೆ, ಗಂಟಾಗದಂತೆ

ಮಗುವಿಗೆ 180 ದಿನ ತುಂಬುವ ತನಕ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. ಆಮೇಲೆ ಹಾಲು ಬಿಡಿಸದೆ ಸರಿ ಶುರುಮಾಡಬೇಕು. ಅಷ್ಟರಲ್ಲಿ ಕತ್ತು ನಿಂತಿರಬೇಕು, ಒರಗಿಸಿದರೆ ಕೂರಬೇಕು, ಬಾಯಿಗಿಟ್ಟದ್ದನ್ನೆಲ್ಲ ನಾಲಿಗೆಯಿಂದ ಹೊರಗೆ ನೂಕುವುದು ನಿಂತಿರಬೇಕು. ಡಬ್ಬಿ ಹಾಲು ಕುಡಿಯುವ ಮಕ್ಕಳಿಗೂ ಇದೇ ಲೆಕ್ಕ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ವೈದ್ಯರನ್ನು ಕೇಳಿಯೇ ಶುರುಮಾಡಿ.

ನಮ್ಮಲ್ಲಿ ಬಹುಪಾಲು ಮನೆಗಳ ಮೊದಲ ಊಟ ರಾಗಿ ಸರಿ. ಕರಾವಳಿಯ ಕಡೆ ಮಣ್ಣಿ. ಎಡವಟ್ಟಾಗುವುದು ಹೆಚ್ಚಾಗಿ ಒಂದೇ ಕಡೆ. ಗಂಟಲಿಗೆ ಸಿಕ್ಕೀತೆಂದು ಹೆದರಿ ಸರಿಯನ್ನು ಗಂಜಿ ತಿಳಿಯ ಹಾಗೆ ನೀರು ಮಾಡಿಬಿಡುತ್ತಾರೆ. ಕೂಸಿನ ಹೊಟ್ಟೆ ಅಂಗೈಯಗಲ. ಅದು ನೀರಲ್ಲೇ ತುಂಬಿದರೆ ಹಾಲಿಗೂ ಜಾಗವಿಲ್ಲ, ಮೈಗೆ ಶಕ್ತಿಯೂ ಇಲ್ಲ. 6ರಿಂದ 8 ತಿಂಗಳ ಮಗುವಿಗೆ ಎದೆಹಾಲಿನ ಜೊತೆ ಊಟದಿಂದಲೇ ದಿನಕ್ಕೆ ಸುಮಾರು 200 ಕ್ಯಾಲರಿ ಬೇಕು. ಹಾಗಾಗಿ ಸರಿ ಗಟ್ಟಿಯಾಗಿರಬೇಕು, ಆದರೆ ಬಾಯಿಗೆ ಅಂಟಬಾರದು.

ಈ ಎರಡೂ ಒಟ್ಟಿಗೆ ಸಿಗುವುದು ಮೊಳಕೆಯಿಂದ. ರಾಗಿ ಮೊಳೆಯುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ, ಅದು ಪಿಷ್ಟವನ್ನು ತುಂಡು ಮಾಡುತ್ತದೆ. ಮೊಳಕೆ ಬರಿಸದ ಹಿಟ್ಟು ಬೇಗ ಮುದ್ದೆಗಟ್ಟಿದರೆ, ಮೊಳಕೆ ಹಿಟ್ಟು ಅಷ್ಟೇ ನೀರಿನಲ್ಲಿ ಹೆಚ್ಚು ಹಿಡಿದೂ ನಯವಾಗಿರುತ್ತದೆ. ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುವ ಫೈಟೇಟ್ ಕೂಡ ಇಳಿಯುತ್ತದೆ.

ಒಂದು ಸಲಕ್ಕೆ ಅರ್ಧ ಕಿಲೋ ರಾಗಿ ಸಾಕು. ಕಲ್ಲು ಹೋಗುವಂತೆ ನಾಲ್ಕೈದು ನೀರಲ್ಲಿ ತೊಳೆದು ಜಾಲಿಸಿ, ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ನೀರು ಪೂರ್ತಿ ಬಸಿದು ಒದ್ದೆ ಹತ್ತಿಬಟ್ಟೆಯಲ್ಲಿ ಕಟ್ಟಿಡಿ. ಬಟ್ಟೆ ಒಣಗಿದರೆ ನೀರು ಚಿಮುಕಿಸಿ. ಬೇಸಿಗೆಯಲ್ಲಿ ಒಂದು ದಿನ, ಚಳಿಯಲ್ಲಿ ಎರಡು ದಿನಕ್ಕೆ ಬಿಳಿ ಮೊಳಕೆ ಅರ್ಧ ಸೆಂಟಿಮೀಟರ್ ಬರುತ್ತದೆ. ಅಲ್ಲಿಗೆ ನಿಲ್ಲಿಸಿ. ಹುಳಿ ವಾಸನೆ ಹೊಡೆದರೆ, ಲೋಳೆಯಾದರೆ, ಬೂದು ಎಳೆ ಕಂಡರೆ ಮರುಮಾತಿಲ್ಲದೆ ಎಸೆಯಿರಿ, ತೊಳೆದು ಬಳಸುವಂಥದ್ದಲ್ಲ. ನೀರು ಸರಿಯಾಗಿ ಬಸಿಯದಿದ್ದರೆ ಮಳೆಗಾಲದಲ್ಲಿ ಹೀಗಾಗುವುದೇ ಹೆಚ್ಚು.

ತೆಳ್ಳಗೆ ಹರಡಿ, ಮೇಲೆ ಪಂಚೆ ಹೊದಿಸಿ ಒಣಗಿಸಿ. ಹಲ್ಲಿಗೆ ಹಾಕಿದರೆ ಕಟ್ ಎನ್ನಬೇಕು. ಅಂಗೈಯಲ್ಲಿ ಉಜ್ಜಿ, ಉದುರಿದ ಬೇರನ್ನು ಮೊರದಲ್ಲಿ ಕೇರಿ. ಇನ್ನು ಹುರಿಯುವುದು: ಸಣ್ಣ ಉರಿಯಲ್ಲಿ ಕಾಳು ಬಿಸಿಯಾಗಿ ಘಮ ಬಂದರೆ ಸಾಕು. ಕೆಂಪಗೆ, ಚಟಪಟ ಸಿಡಿಯುವಂತೆ ಹುರಿದರೆ ರುಚಿಯೇನೋ ಬರುತ್ತದೆ, ಆದರೆ ಕಿಣ್ವ ಸತ್ತು ಎರಡು ದಿನದ ಮೊಳಕೆ ಕೆಲಸ ಅರ್ಧ ವ್ಯರ್ಥ. ಗಿರಣಿಯಲ್ಲಿ ಮೆಣಸಿನಪುಡಿ ಬೀಸಿದ ಬೆನ್ನಿಗೆ ಕೊಡಬೇಡಿ; ಮೊದಲು ಬಂದ ಒಂದೆರಡು ಹಿಡಿ ಹಿಟ್ಟನ್ನು ಬೇರೆ ತೆಗೆದಿಡಿ.

ತೆಳು ಬಟ್ಟೆಯಲ್ಲಿ ಸೋಸಿದ ಹಿಟ್ಟು ಶುರುವಿಗೆ ಒಳ್ಳೆಯದು. ಆದರೆ ವರ್ಷದವರೆಗೂ ಹಾಗೇ ಸೋಸುವ ಹಟ ಬೇಡ, ರಾಗಿಯ ಕ್ಯಾಲ್ಸಿಯಂ ಹೆಚ್ಚಿರುವುದು ಸಿಪ್ಪೆಯಲ್ಲೇ. ಎಂಟನೇ ತಿಂಗಳಿಗೆ ಸಣ್ಣ ಕಣ್ಣಿನ ಜರಡಿಗೆ ಬನ್ನಿ.

ಮಾಡುವಾಗ 1 ಟೇಬಲ್ ಚಮಚ ಹಿಟ್ಟಿಗೆ ಸುಮಾರು 100 ಮಿ.ಲೀ. ನೀರು. ಕುದಿಯುವ ನೀರಿಗೆ ಹಿಟ್ಟು ಸುರಿಯಬೇಡಿ. ಗಂಟು ಕಟ್ಟುತ್ತದೆ, ಕಿಣ್ವವೂ ತಕ್ಷಣ ಸಾಯುತ್ತದೆ. ತಣ್ಣೀರಲ್ಲಿ ಕದಡಿ, ಸಣ್ಣ ಉರಿಯಲ್ಲಿ ಮೆಲ್ಲಗೆ ಬಿಸಿಯೇರಲು ಬಿಡಿ. ಪಿಷ್ಟ ಕರಗುವುದು ಆ ನಡುವಿನ ಹೊತ್ತಿನಲ್ಲಿ. ಕುದಿ ಬಂದ ಮೇಲೆ ತಳ ಬಿಡದೆ ತಿರುವುತ್ತ 7-8 ನಿಮಿಷ ಬೇಯಿಸಿ. ಹಸಿ ವಾಸನೆ ಹೋಗಿ ಬಣ್ಣ ಗಾಢವಾಗಿ ಹೊಳಪು ಬರಬೇಕು. ಚಮಚ ಓರೆ ಮಾಡಿದಾಗ ಸುರಿಯದೆ ನಿಧಾನ ಜಾರಿದರೆ ಹದ. ಆರಿದಾಗ ಇನ್ನೂ ಗಟ್ಟಿಯಾಗುತ್ತದೆ, ಆಗ ಕುದಿಸಿ ಆರಿಸಿದ ನೀರು ಒಂದೆರಡು ಚಮಚ ಸೇರಿಸಿ. ಎದೆಹಾಲು ಬೆರೆಸುವುದಾದರೆ ತಿನ್ನಿಸುವ ಗಳಿಗೆಯಲ್ಲೇ ಬೆರೆಸಿ. ಅದರಲ್ಲೂ ಅಮೈಲೇಸ್ ಇರುವುದರಿಂದ ಇಟ್ಟರೆ ನೀರಾಗುತ್ತದೆ. ಎಂಜಲು ತಾಗಿದ ಸರಿ ನೀರೊಡೆಯುವುದೂ ಇದೇ ಕಾರಣಕ್ಕೆ. ಉಳಿದದ್ದನ್ನು ಚೆಲ್ಲಿ.

ಮೊದಲ ದಿನಗಳಲ್ಲಿ ಬೆಳಿಗ್ಗೆ ಒಂದು ಹೊತ್ತು, ಎರಡು-ಮೂರು ಚಮಚ. ತೀರಾ ಹಸಿದು ಅಳುವಾಗಲೂ ಬೇಡ, ಹಾಲು ಕುಡಿದ ಕೂಡಲೇ ಬೇಡ. ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಳ್ಳಿ. ಅಡ್ಡ ಮಲಗಿಸಿ ಒಳಲೆಯಲ್ಲಿ ಸುರಿದರೆ ನೆತ್ತಿಗೇರುತ್ತದೆ. ಸರಿಯನ್ನು ಬಾಟಲಿಗೆ ಹಾಕಲೂಬಾರದು. ಮುಖ ತಿರುಗಿಸಿದರೆ ಆ ಹೊತ್ತಿಗೆ ಮುಗಿಯಿತು. ಕೆಲವೇ ವಾರಗಳಲ್ಲಿ ದಿನಕ್ಕೆ 2-3 ಹೊತ್ತು, ಹೊತ್ತಿಗೆ 250 ಮಿ.ಲೀ. ಬಟ್ಟಲಿನ ಅರ್ಧದವರೆಗೆ ಬರಬೇಕು.

ಉಪ್ಪು, ಸಕ್ಕರೆ, ಬೆಲ್ಲ ಬೇಡ. ವರ್ಷ ತುಂಬುವ ಮುಂಚೆ ಜೇನು ನೆಕ್ಕಿಸಲೇಬೇಡಿ, ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಅರ್ಧ ಟೀ ಚಮಚ ತುಪ್ಪಕ್ಕೆ ಅಡ್ಡಿಯಿಲ್ಲ. ಒಂಬತ್ತು ಕಾಳಿನ ಪುಡಿಯಿಂದಲೇ ಶುರುಮಾಡಿದರೆ, ಮೈಮೇಲೆ ಗಂಧೆ ಎದ್ದಾಗ ಯಾವುದರಿಂದ ಎಂದು ಹೇಳಲಾಗದು. ಮೊದಲು ಒಂದೊಂದನ್ನೇ ಎರಡು-ಮೂರು ದಿನ ಕೊಟ್ಟು ನೋಡಿ. ಮಲ ಕಂದಾಗುವುದು ಸಹಜ. ಗಟ್ಟಿಯಾದರೆ ಕುದಿಸಿ ಆರಿಸಿದ ನೀರು ನಾಲ್ಕಾರು ಚಮಚ, ಜೊತೆಗೆ ಕಿವುಚಿದ ಪಪ್ಪಾಯ ಕೊಡಿ.

ಬರೀ ಸರಿಯ ಮೇಲೆ ತಿಂಗಳುಗಟ್ಟಲೆ ಇಡುವುದೂ ತಪ್ಪು. ಮೆತ್ತಗೆ ಬೆಂದ ಹೆಸರುಬೇಳೆ-ಅನ್ನ, ಸೊಪ್ಪು, ಕುಂಬಳ, ತಿನ್ನುವ ಮನೆಯಾದರೆ ಗಟ್ಟಿಯಾಗಿ ಬೇಯಿಸಿದ ಮೊಟ್ಟೆ, ಆರು ತಿಂಗಳು ತುಂಬಿದಾಗಿನಿಂದಲೇ ಒಂದೊಂದಾಗಿ ಬರಲಿ. ಹುಟ್ಟುವಾಗ ತಂದ ಕಬ್ಬಿಣಾಂಶ ಈ ವೇಳೆಗೆ ಖಾಲಿಯಾಗುತ್ತ ಬರುತ್ತದೆ, ರಾಗಿಯೊಂದೇ ಅದನ್ನು ತುಂಬಲಾರದು. ಸರ್ಕಾರದ ರಕ್ತಹೀನತೆ ತಡೆ ಕಾರ್ಯಕ್ರಮದಲ್ಲಿ 6 ತಿಂಗಳಿಂದ ವಾರಕ್ಕೆ ಎರಡು ಸಲ 1 ಮಿ.ಲೀ. ಕಬ್ಬಿಣಾಂಶದ ಸಿರಪ್ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಿರಿ.